ಹದಿಮೂರು ಗೋಲಿನ ಶನಿವಾರ

ಹೂವಿನ ಚಕ್ರ ಚರ್ಚಿನ ಬಾಗಿಲಲ್ಲಿ ತೂರಲಿಲ್ಲ. ಇಬ್ಬರು ಅದನ್ನು ಓರೆಮಾಡಿ ಒಳಕ್ಕೆ ನೂಕುತ್ತಿದ್ದರು. ಕಿತ್ತಳೆ ಬಣ್ಣದ ಹೂಗಳು ಉದುರಿ ಮೆಟ್ಟಿಲ ಮೇಲಿನ ಹಿಮದಲ್ಲಿ ಬಿದ್ದವು.

"ತಡೀರೋ, ತಡೀರಿ," ಎಂದು ರೆಜಾನ್ ಬೆಲ್‌ಮಾರ್ ಊರುಗೋಲು ಅಡ್ಡ ಹಿಡಿದ. "ಯಾವ ಬಣ್ಣ ಇದು? ನಮ್ಮದು ನೀಲಿ ಅಲ್ವೇನ್ರೋ?"

"ಟೀಮಿನವರು ಕಳಿಸಿದ್ದಂತೆ. ಈಗಿರೋ ದಕ್ಷಿಣದವರು," ಎಂದ ಹ್ಯಾಂಕ್ ಡೋರ್ನ್.

"ಅವರು ನಮ್ಮ ಓರೆಸ್ಟ್ ಆಡಿದ್ದನ್ನ ಒಂದು ದಿನ ಆದ್ರೂ ನೋಡಿದಾರಾ?"

"ನೋಡಿದ್ರೆ ಇಷ್ಟು ದೊಡ್ಡದು ಕಳಿಸ್ತಿದ್ರಾ?"

ಮುದುಕರಿಬ್ಬರೂ ನಕ್ಕರು. ಇಬ್ಬರೂ ಒಂದು ಕಾಲದಲ್ಲಿ ಓರೆಸ್ಟ್ ಪಲೂಕನ ಜೊತೆ ಐಸ್ ಹಾಕಿ ಆಡಿದವರು; ಮಂಜುಗಡ್ಡೆಯ ಮೇಲೆ ಜಾರುತ್ತ ಕೋಲಿನಿಂದ ರಬ್ಬರ್ ಬಿಲ್ಲೆ ಹೊಡೆಯುವ ಆಟ ಅದು. ಓರೆಸ್ಟ್ ಈಗ ಪೀಠದ ಮುಂದೆ ಪೆಟ್ಟಿಗೆಯಲ್ಲಿ ಮಲಗಿದ್ದ. ಮೊದಲ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ವರ್ನಾಗೆ ನಗು ಕೇಳಿಸಿತು. ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಪಾದ ತಣ್ಣಗಾಗಿದೆ ಎಂದಷ್ಟೇ ತಿಳಿಯುತ್ತಿತ್ತು.

"ಅಮ್ಮ, ನೀರು ಬೇಕಾ?" ಎಂದಳು ಮಗಳು ಲೆಸ್ಯಾ.

"ಬೇಡ." ಸ್ವಲ್ಪ ಹೊತ್ತು ಬಿಟ್ಟು, "ಒಲೆ ಆರಿಸಿದ್ನಾ ನಾನು?" ಎಂದು ಕೇಳಿದಳು.

*

ಅರವತ್ತರ ದಶಕ ಮುಗಿಯುತ್ತಿದ್ದಾಗ ಹಾಕಿ ಲೀಗಿನವರು ಹೊಸ ಊರುಗಳಿಗೂ ಟೀಮು ಕೊಡುತ್ತೇವೆಂದರು. ಪೋರ್ಟ್ ಕ್ಯಾರಿಕ್‌ನ ಉಕ್ಕಿನ ಕಾರ್ಖಾನೆಯ ಧಣಿ ಒಂದನ್ನು ಕೊಂಡ. ದನದ ಸಂತೆ ನಡೆಯುತ್ತಿದ್ದ ಬಯಲಿನಲ್ಲಿ ಐಸ್ ಹಾಕಿಯ ಅಖಾಡ ಎದ್ದಿತು. ಟೀಮಿಗೆ ಹೆರನ್ಸ್, ಅಂದರೆ ಕೊಕ್ಕರೆಗಳು ಎಂದು ಹೆಸರಿಟ್ಟರು. ಇನ್ನು ಆಟಗಾರರು ಬೇಕಲ್ಲ? ಹಳೆಯ ಟೀಮುಗಳು ತಮಗೆ ಬೇಕಾದವರನ್ನು ಬಚ್ಚಿಟ್ಟುಕೊಂಡು ಮಿಕ್ಕವರನ್ನು ಮುಂದಿಟ್ಟವು. ಹೊಸಬರು ಆ ಮಿಕ್ಕವರಲ್ಲೇ ಆರಿಸಿಕೊಳ್ಳಬೇಕಾಗಿತ್ತು.

ಓರೆಸ್ಟ್ ಆಗ ಹಳೆಯ ಟೀಮೊಂದರ ಎರಡನೇ ಗೋಲ್‌ಕೀಪರ್. ಬೆಂಚಿನ ಮೇಲೆ ಕೂತೇ ವರ್ಷಗಳು ಕಳೆದಿದ್ದವು. ಬೇಸಿಗೆಯಲ್ಲಿ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಅಪ್ಪನ ಗೋಧಿ ಹೊಲದಲ್ಲಿದ್ದಾಗ ಟ್ರಕ್ಕಿನ ರೇಡಿಯೋದಲ್ಲಿ ತನ್ನ ಹೆಸರು ಕೇಳಿ ಅಡಿಗೆಮನೆಗೆ ಓಡಿಬಂದ.

"ವರ್ನಾ, ನಮ್ಮನ್ನ ಆರಿಸ್ಕೊಂಡ್ರು ಕಣೇ!"

"ಅಂದ್ರೆ ಇವರು ಕೈಬಿಟ್ರು ಅಂತ ತಾನೆ?"

"ಕೈಬಿಟ್ರು ಅಂತ ನೀನು ಹೇಳು. ಆರಿಸ್ಕೊಂಡ್ರು ಅಂತ ನಾನು ಹೇಳ್ತೀನಿ."

ಅಕ್ಟೋಬರಿನಲ್ಲಿ ಆಟ ಶುರುವಾದಾಗ ಅಖಾಡದ ಸೂರಿನ ಕೆಲಸ ಇನ್ನೂ ಮುಗಿದಿರಲಿಲ್ಲ. ತೊಲೆಗಳ ಮೇಲೆ ಪಾರಿವಾಳ ಕೂರುತ್ತಿದ್ದವು. ಬಟ್ಟೆ ಬದಲಿಸುವ ಕೋಣೆಯಲ್ಲಿ ಆಟಗಾರರು ಒಬ್ಬರ ಹೆಸರು ಒಬ್ಬರು ಕೇಳಿ ತಿಳಿಯುತ್ತಿದ್ದರು. ಯಾರ ಹೆಂಡತಿ ಯಾರು, ಯಾರಿಗೆ ಮಕ್ಕಳು ಎಂಬುದೊಂದೂ ಗೊತ್ತಿರಲಿಲ್ಲ. ವರ್ನಾ ಬಾಡಿಗೆಯ ಮಹಡಿಮನೆಯಲ್ಲಿ ದಿನವಿಡೀ ಒಬ್ಬಳೇ ಇರುತ್ತಿದ್ದಳು. ಆರು ತಿಂಗಳ ಬಸುರಿ.

*

ಪಾದ್ರಿಗಳು ಪ್ರಾರ್ಥನೆ ಮುಗಿಸಿ ರೆಜಾನನನ್ನು ಕರೆದರು. ಅವನು ಪೆಟ್ಟಿಗೆಯ ಪಕ್ಕ ನಿಂತು ಕೆಮ್ಮಿದ.

"ಆ ಶನಿವಾರದ ಕತೆ ನಿಮಗೆಲ್ಲ ಗೊತ್ತೇ ಇದೆ. ಆದ್ರೂ ಹೇಳ್ತೀನಿ, ಇಲ್ಲಾಂದ್ರೆ ಇವನು ಎದ್ದು ಬಂದು ತಾನೇ ಹೇಳ್ತಾನೆ. ಮೊದಲನೇ ವರ್ಷ. ಎದುರಿನವರು ಹೊಡೆದಿದ್ದೆಲ್ಲ ಗೋಲು. ನಮ್ಮ ಇನ್ನೊಬ್ಬ ಗೋಲ್‌ಕೀಪರಿಗೆ ಬೆರಳು ಮುರಿದಿತ್ತು, ಇವನನ್ನ ಹೊರಗೆ ಕರೆಯೋಕೂ ಆಗಲ್ಲ. ಹತ್ತು ಗೋಲು ಆದ್ಮೇಲೆ ನಾನು ಹತ್ತಿರ ಹೋಗಿ, 'ಓರೀ, ಬಿಲ್ಲೆ ಕಣ್ಣಿಗೆ ಕಾಣ್ತಿದ್ಯೇನೋ?' ಅಂದೆ. 'ಕಾಣ್ತಿದೆ ಕಣೋ, ಒಳಗೆ ಹೋದ್ಮೇಲೆ ಕಾಣ್ತಿದೆ' ಅಂದ. ಇನ್ನೂ ಮೂರು ತಿಂದ!"

ಚರ್ಚು ನಕ್ಕಿತು. ಎಷ್ಟೋ ವರ್ಷದಿಂದ ಪ್ರತಿ ಔತಣದಲ್ಲೂ ಈ ಕತೆ ನಡೆದುಬಂದಿತ್ತು. ಓರೆಸ್ಟೇ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ.

"ನಾಲ್ಕನೇ ಚಳಿಗಾಲ ಮುಗೀತಿದ್ದ ಹಾಗೆ ಟೀಮನ್ನ ದಕ್ಷಿಣಕ್ಕೆ ಮಾರಿದ್ರು. ಹುಡುಗರಿಗೆ ಕಲಿಸೋಕೆ ಬಾ ಅಂತ ಇವನನ್ನ ಕರೆದ್ರು. ಬಿಸಿಲು, ಸಮುದ್ರ, ಮನೆ! ಹೋಗ್ಲಿಲ್ಲ ಮಹಾರಾಯ. ಇಲ್ಲೇ ಟೈರ್ ಅಂಗಡಿ ಇಟ್ಕೊಂಡು ಕೂತ. ಯಾಕೋ ಅಂದ್ರೆ ಹವಾ ಒಗ್ಗಿದೆ ಅಂತಿದ್ದ. ಈ ಊರ ಹವಾ ನಾಯಿಗೂ ಒಗ್ಗಲ್ಲ."

ಜನ ಮತ್ತೆ ನಕ್ಕರು. ಲೆಸ್ಯಾ ತಾಯಿಯ ಕೈ ಹಿಡಿದುಕೊಂಡಳು. ಕೈ ಮರದ ಹಾಗಿತ್ತು.

*

ಆ ಶನಿವಾರ ಮಧ್ಯಾಹ್ನ ಓರೆಸ್ಟ್ ಆಸ್ಪತ್ರೆಗೆ ಬಂದಾಗ ಅವನ ಬೂಟಿಗೆ ಕೆಸರು ಮೆತ್ತಿತ್ತು. ಮಗು ಹಿಂದಿನ ಸಂಜೆ ತಿಂಗಳು ತುಂಬದೆ ಹುಟ್ಟಿ, ಬೆಳಗಾಗುವ ಮುಂಚೆ ಹೋಗಿತ್ತು. ವರ್ನಾಗೆ ತೋರಿಸಿರಲಿಲ್ಲ. ಆಗ ಹಾಗೆಯೇ ಮಾಡುತ್ತಿದ್ದರು.

"ಆಯ್ತು," ಎಂದ ಓರೆಸ್ಟ್. "ಪಾದ್ರಿಗಳಿದ್ರು. ನಾನಿದ್ದೆ."

ವರ್ನಾ ಗೋಡೆಯ ಕಡೆ ತಿರುಗಿಕೊಂಡಳು. "ಮ್ಯಾಚಿಗೆ ಹೊತ್ತಾಗಲ್ವಾ?"

"ಹೇಳಿ ಕಳಿಸ್ತೀನಿ, ಆಗಲ್ಲ ಅಂತ."

"ಇಲ್ಲಿ ಕೂತು ಏನ್ ಮಾಡ್ತೀಯ? ಹೋಗು."

ಅವನ ಮುಖ ನೋಡಲು ಅವಳಿಗೆ ಆಗುತ್ತಿರಲಿಲ್ಲ, ಅಷ್ಟೆ. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋದ.

ಸಂಜೆ ಪಕ್ಕದ ಮಂಚದವಳ ಗಂಡ ರೇಡಿಯೋ ಹಚ್ಚಿಕೊಂಡು ಕೂತಿದ್ದ. ಪ್ರತಿ ಗೋಲಿಗೂ ತೊಡೆ ತಟ್ಟಿಕೊಳ್ಳುತ್ತಿದ್ದ. "ಇವನು ಯಾರೇ ಇವನು, ನಿದ್ದೆ ಮಾಡ್ತಿದಾನಾ?" ವರ್ನಾ ನಿಲ್ಲಿಸಿ ಎನ್ನಲಿಲ್ಲ, ಕೊನೆಯವರೆಗೂ ಕೇಳಿಸಿಕೊಂಡಳು.

*

ಸ್ಮಶಾನದಲ್ಲಿ ಗಾಳಿ ಕೆರೆಯ ಕಡೆಯಿಂದ ಬೀಸುತ್ತಿತ್ತು. ಪೆಟ್ಟಿಗೆ ಇಳಿಯಿತು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ರೆಜಾನ್ ಜಾರದಿರಲೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಹಿಮ ಮುಚ್ಚಿದ ದಿಣ್ಣೆಯೊಂದರ ಮೇಲೆ ಊರುಗೋಲು ಊರಿದ.

"ರೆಜಾನ್ ಅಂಕಲ್, ಈ ಕಡೆ ಬನ್ನಿ," ಎಂದಳು ಲೆಸ್ಯಾ ಮೆಲ್ಲಗೆ. "ಅಲ್ಲಿ ನಮ್ಮಣ್ಣ ಇದಾನೆ."

"ನಿಂಗೆ ಅಣ್ಣ ಎಲ್ಲಿದ್ದ?"

"ಇದ್ದ," ಎಂದಳು ವರ್ನಾ. "ಒಂದೇ ರಾತ್ರಿ. ನೀವು ಹದಿಮೂರು ಗೋಲು ತಿಂದ್ರಲ್ಲ, ಆವತ್ತು ಬೆಳಗ್ಗೆ ಓರಿ ಅವನನ್ನ ಇಲ್ಲಿಟ್ಟು ಬಂದಿದ್ದ."

ರೆಜಾನ್ ಅವಳ ಕಡೆ ತಿರುಗಿದ. "ಅವನು... ನಮಗೆ ಒಂದು ಮಾತು..."

"ಆವತ್ತು ಹೇಳೋಕಾಗ್ಲಿಲ್ಲ. ಆಮೇಲೆ ನೀವೆಲ್ಲ ನಗೋಕೆ ಶುರು ಮಾಡಿದ್ರಿ."

"ವರ್ನಾ, ಇಷ್ಟು ವರ್ಷ ನಾನು..."

"ಕಳಿಸಿದ್ದು ನಾನು, ರೆಜಾನ್. ಅವನು ಹೋಗಲ್ಲ ಅಂದಿದ್ದ." ಬೇರೆ ಯಾರದೋ ವಿಷಯ ಹೇಳುವ ಹಾಗಿತ್ತು ಅವಳ ದನಿ. "ದಕ್ಷಿಣಕ್ಕೆ ಹೋಗೋಣ ಅಂತಾನೂ ನಾನೇ ಅಂದೆ. ಮಗನ್ನ ಇಲ್ಲಿ ಒಬ್ಬನ್ನೇ ಬಿಟ್ಟಾ ಅಂದ. ಆಮೇಲೆ ನಾನು ಆ ಮಾತು ಎತ್ತಲಿಲ್ಲ."

ರೆಜಾನ್ ಊರುಗೋಲನ್ನು ಕೆಳಗೆ ಬಿಟ್ಟು ನಿಧಾನವಾಗಿ ಮಂಡಿಯೂರಿದ. ಕೈಗವುಸು ಕಿತ್ತು ಬರಿಗೈಯಲ್ಲಿ ಹಿಮ ಬಳಿದು ತೆಗೆದ. ಕೈ ಕೆಂಪಾಗುವವರೆಗೂ ಬಳಿದ. ರೊಟ್ಟಿಯಗಲದ ಕಲ್ಲು ಕಾಣಿಸಿತು. ಅದರ ಮೇಲೆ ಪಲೂಕ್ ಎಂದಷ್ಟೇ ಕೆತ್ತಿತ್ತು.

ಏಳಲು ನೋಡಿದ. ಮಂಡಿ ಏಳಗೊಡಲಿಲ್ಲ. ಇನ್ನೊಮ್ಮೆ ನೋಡಿದ. ಹ್ಯಾಂಕ್ ಒಂದು ಕಡೆಯಿಂದ, ಇನ್ನೊಬ್ಬ ಹಳೆಯ ಆಟಗಾರ ಮತ್ತೊಂದು ಕಡೆಯಿಂದ ಅವನ ಕಂಕುಳಿಗೆ ಕೈಕೊಟ್ಟು ಎತ್ತಿದರು. ನಿಂತ ಮೇಲೂ ಅವರು ಕೈ ಬಿಡಲಿಲ್ಲ. ಅವನ ಪ್ಯಾಂಟಿನ ಎರಡೂ ಮಂಡಿಗೆ ಹಿಮ ಅಂಟಿಕೊಂಡಿತ್ತು. ವರ್ನಾ ಬಗ್ಗಿ ತನ್ನ ಕೈಯಿಂದ ಅದನ್ನು ಕೊಡವತೊಡಗಿದಳು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು.