ಟ್ರೇ ಹಿಡಿದ ಮ್ಯಾಗ್ನೋಲಿಯಾ ಕನ್ಯೆಯರು

"ಟ್ರೇ ಎಲ್ಲೇ, ಕರೀಮೂತಿ? ನಿಮ್ಮಪ್ಪನ ಮನೆ ಅನ್ಕಂಡಾ, ಬರಿಗೈ ಬೀಸ್ಕಂಡು ಹೊಂಟಿದೀಯಲ್ಲ!"

ಮ್ಯಾನೇಜರ್ ಕ್ರಚರ್ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಲುವೆನಿಯಾ ಖಾಲಿ ಟ್ರೇ ಎತ್ತಿಕೊಂಡಳು. ಓಝೆಲಾಳೂ ನಾನೂ ಎತ್ತಿಕೊಂಡೆವು. ಸೇಂಟ್ ಲೂಯಿಸಿನ ಆ ಹೋಟೆಲಿನಲ್ಲಿ ಬಿಳಿಯರು ಊಟಕ್ಕೆ ಕೂತಾಗ ನಮ್ಮಂಥ ಕರಿಯರು ಬರಿಗೈಯಲ್ಲಿ ಹಜಾರ ದಾಟುವಂತಿರಲಿಲ್ಲ. ವೇದಿಕೆ ಇದ್ದದ್ದು ಹಜಾರದ ಆ ತುದಿಗೆ. ಹಾಗಾಗಿ ಅಲ್ಲಿಗೆ ತಲುಪುವ ತನಕ ನಾವು ಬಡಿಸುವವರು, ಆಮೇಲೆ ಹಾಡುವವರು.

ನಮ್ಮ ಹಾಡು ಆ ವೇದಿಕೆಯಿಂದಲೇ ನೇರ ರೇಡಿಯೋದಲ್ಲಿ ಬರುತ್ತಿತ್ತು, ಆದರೆ ಅಲ್ಲಿ ನಮಗೆ ಹೆಸರೇ ಇರಲಿಲ್ಲ. ಬಿಳಿ ಹೂವೊಂದರ ಹೆಸರಿಟ್ಟು "ಮ್ಯಾಗ್ನೋಲಿಯಾ ಕನ್ಯೆಯರು" ಎನ್ನುತ್ತಿದ್ದರು ಅಷ್ಟೆ. ಕೇಳಿದವರು ನಮ್ಮನ್ನು ಬಿಳಿ ಹುಡುಗಿಯರು ಎಂದುಕೊಂಡಿದ್ದರು. ದಪ್ಪ ದನಿಯವಳನ್ನೇ ಮದುವೆಯಾಗುತ್ತೇನೆಂದು ಒಬ್ಬ ಬಿಳಿ ರೈತ ಹೂಗುಚ್ಛ ಹಿಡಿದು ಬಂದಿದ್ದ. ಟೋಪಿ ತೆಗೆದು ಓಝೆಲಾಳ ಕೈಗೆ ಕೊಟ್ಟು, ಆ ಹುಡುಗಿ ಎಲ್ಲಿ ಎಂದು ಅವಳನ್ನೇ ಕೇಳಿದ್ದ. ದಪ್ಪ ದನಿ ಅವಳದೇ.

ಲುವೆನಿಯಾಳಿಗೆ ಇದು ನಗುವ ಮಾತಾಗಿರಲಿಲ್ಲ. ಮಗಳು ರೇಡಿಯೋದಲ್ಲಿ ಹಾಡುತ್ತಾಳೆಂದು ಅವಳ ತಾಯಿ ಚರ್ಚಿನಲ್ಲಿ ಹೇಳಿ, ಸಿಸ್ಟರ್ ಹ್ಯಾಟಿ ಮತ್ತು ಅಲ್ಲಿನ ಇತರ ಹೆಂಗಸರಿಂದ ಸುಳ್ಳುಬುರುಕಿ ಅನ್ನಿಸಿಕೊಂಡಿದ್ದಳು.

"ಇವತ್ತು ನಮ್ಮವ್ವ ಆ ಹೆಂಗಸ್ರನ್ನೆಲ್ಲ ರೇಡಿಯೋ ಮುಂದೆ ಕೂರಿಸ್ಕಂಡವಳೆ," ಎಂದಳು ನಡೆಯುತ್ತ. "ಹೆಸರು ಹೇಳೇ ಹೇಳ್ತೀನಿ ಕಣೇ ವರ್ಡೆಲ್."

"ಸುಮ್ನಿರೇ, ಕೆಲ್ಸ ಹೋಯ್ತದೆ," ಎಂದೆ. ಕಾಲೇಜು ಓದಿದ ನನಗೆ ಚೆನ್ನಾಗಿ ಬರುತ್ತಿದ್ದುದು ಇದೊಂದೇ: ಹೊರಗೋಡುವ ಬಾಗಿಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳುವುದು.

ಅಷ್ಟರಲ್ಲಿ ಮುತ್ತಿನ ಸರದ ಮುದುಕಿಯೊಬ್ಬಳು ಲುವೆನಿಯಾಳನ್ನು ತಡೆದು, "ಏ ಹುಡ್ಗಿ, ಸೂಪು ಆರೋಗಿದೆ, ಬಿಸಿ ಮಾಡ್ಕಂಡು ಬಾ," ಎಂದು ಬಟ್ಟಲನ್ನು ಅವಳ ಟ್ರೇ ಮೇಲಿಟ್ಟಳು. ಅತ್ತ ಉದ್ಘೋಷಕ "ಈಗ ಮ್ಯಾಗ್ನೋಲಿಯಾ ಕನ್ಯೆಯರು!" ಎಂದು ಪಕ್ಕಕ್ಕೆ ಸರಿದಾಗಿತ್ತು. ಪ್ರಸಾರ ಶುರುವಾಗಿ ರೇಡಿಯೋದಲ್ಲಿ ಬರೀ ಮೌನ. ಕ್ರಚರ್ ದೂರದಿಂದ ಎರಡೂ ಕೈ ಬೀಸತೊಡಗಿದ.

ಲುವೆನಿಯಾ ಸೂಪಿನ ಸಮೇತ ವೇದಿಕೆ ಹತ್ತಿದಳು. ಮೈಕಿನ ಮುಂದೆ ನಿಂತು ಬಟ್ಟಲನ್ನು ತುಟಿಗಿಟ್ಟಳು.

ಸುರ್‌ರ್‌ರ್!

ಇಡೀ ಊರಿಗೆ ಕೇಳಿಸಿರಬೇಕು.

"ಉಪ್ಪು ಕಮ್ಮಿ," ಎಂದಳು ಮೈಕಿಗೆ. "ಅವ್ವಾ, ನಾನು ಲುವೆನಿಯಾ ಟೀಸ್‌ಡೇಲ್. ಇವಳು ಓಝೆಲಾ ಪ್ರೂಯಿಟ್, ಅವಳು ವರ್ಡೆಲ್ ಮೇಬ್ರಿ. ಮೂವರೂ ಕರಿಯರೇಯ. ಸಿಸ್ಟರ್ ಹ್ಯಾಟಿ, ಕೇಳಿಸ್ತಾ? ಈಗ ನಮ್ಮವ್ವನ ಕಾಲಿಗೆ ಬೀಳು!"

ಮುದುಕಿ ಕಿರುಚಿದಳು, "ನನ್ ಸೂಪು!"

ಕ್ರಚರ್ ವೇದಿಕೆಯ ಬುಡಕ್ಕೆ ಓಡಿಬಂದು ನಿಂತುಬಿಟ್ಟ. ಮೈಕಿನ ಮುಂದೆ ಬೈಯುವಂತಿಲ್ಲ, ಹೊಡೆಯುವಂತಿಲ್ಲ. ತಂತಿ ಕಿತ್ತರೆ ಕಾರ್ಯಕ್ರಮಕ್ಕೆ ಹಣ ಹಾಕಿದ ಸೋಪಿನ ಕಂಪನಿಗೆ ಅವನೇ ಉತ್ತರ ಹೇಳಬೇಕು. "ಹಾಡ್ರೇ, ರಂಡೆಗಳಾ," ಎಂದು ಬಾಯಿ ಮಾತ್ರ ಆಡಿಸಿದ.

ಹಾಡಿದೆವು. ಅಷ್ಟು ಚೆನ್ನಾಗಿ ನಾವು ಯಾವತ್ತೂ ಹಾಡಿರಲಿಲ್ಲ. ಹಾಡಿನ ಎರಡನೆಯ ನುಡಿಗೆ ಅಡುಗೆಮನೆಯ ಬಾಗಿಲಲ್ಲಿ, ಯಾರೋ ಫೋನ್ ಮಾಡಿ ಕರೆಸಿದ ಇಬ್ಬರು ಪೊಲೀಸರು ಕಾಣಿಸಿಕೊಂಡರು. ಮೊದಲು ಕಂಡದ್ದು ನನಗೇ.

"ಮುಗಿಸ್ಬೇಡ," ಎಂದು ಉಸಿರಿನಲ್ಲೇ ಅಂದೆ. "ಹಾಡು ನಡೀತಿರೋ ಗಂಟ ಮುಟ್ಟಾಕಿಲ್ಲ."

ಇದ್ದದ್ದು ಮೂರೇ ನುಡಿ. ನಾಲ್ಕನೆಯದನ್ನು ಲುವೆನಿಯಾ ನಿಂತಲ್ಲೇ ಕಟ್ಟಿದಳು, ನಮ್ಮ ಬೀದಿಯ ಕ್ಷೌರಿಕನ ಮೇಲೆ. ಐದನೆಯದು ಅದೇ ಬೀದಿಯಲ್ಲಿ ಮೀನು ಹುರಿದು ಮಾರುವ ಮುದುಕಿಯ ಕಟ್ಟಿಸಿದ ಹಲ್ಲಿನ ಮೇಲೆ. ಆರನೆಯದು ಓಝೆಲಾಳದು, ಆ ರೈತನಿಗೆ: ಬಾರಯ್ಯ, ನಾನಿನ್ನೂ ಒಪ್ಪಿಲ್ಲ. ಪಿಯಾನೋದವನು ಬೆವರುತ್ತ ಬಾರಿಸುತ್ತಲೇ ಇದ್ದ. ಪೊಲೀಸರಲ್ಲಿ ಒಬ್ಬನ ಬೂಟು ತಾಳ ಹಾಕುತ್ತಿತ್ತು. ಇನ್ನೊಬ್ಬ ಲಾಠಿಯನ್ನು ಅಂಗೈಗೆ ತಟ್ಟಿಕೊಳ್ಳುತ್ತಿದ್ದ, ಅದೂ ತಾಳಕ್ಕೇ.

ಲುವೆನಿಯಾಳ ದನಿ ಒಡೆಯತೊಡಗಿತು. ಅವಳು ನನ್ನತ್ತ ನೋಡಿದಳು. ನಾನು ಯಾವತ್ತೂ ಒಂಟಿಯಾಗಿ ಹಾಡಿದವಳಲ್ಲ. ಮೈಕಿನ ಹತ್ತಿರ ಸರಿದು, ಕ್ರಚರನ ಮುಖವನ್ನೇ ನೋಡುತ್ತ, ಅವನ ಹೆಸರಿನಿಂದ ಏಳನೆಯ ನುಡಿ ಎತ್ತಿಕೊಂಡೆ.