ಗಾಡಿಯ ಮೈಮೇಲಿನ ವಿಳಾಸ

ಆ ದಿನ ಬೆಳಿಗ್ಗೆ ಮಂಜು ದಟ್ಟವಾಗಿ ಇಳಿದು, ಎದುರು ಸಾಲಿನ ಅಂಗಡಿಗಳು ಇದ್ದೂ ಇಲ್ಲದಂತಾಗಿದ್ದವು. ಅಕ್ಕನ ಗಂಡ ನಡೆಸುತ್ತಿದ್ದ ವೆಬ್‌ಸೈಟ್ ಮಾಡಿಕೊಡುವ ಅಂಗಡಿಯ ಬಾಗಿಲು ತೆರೆದು ಅವಳು ಗಾಜು ಒರೆಸುತ್ತಿದ್ದಳು. ಮೊದಲು ಎರಡು ಮಬ್ಬು ದೀಪಗಳು ಕಂಡವು, ಆಮೇಲೆ ಗಾಡಿ.

ಊರವರು ಅದನ್ನು ಕೊನೇ ಗಾಡಿ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಬಡವರನ್ನು ಬಿಡಿಗಾಸೂ ಕೇಳದೆ ಮನೆಗೆ ಮುಟ್ಟಿಸುವ ಗಾಡಿ ಅದು. ನಡೆಸುವವನನ್ನು ಎಲ್ಲರೂ ಗಾಡಿಯಣ್ಣ ಎಂದೇ ಕರೆಯುತ್ತಿದ್ದರು. ಬದುಕಿದ್ದಾಗ ಯಾರೂ ಹತ್ತಿಸಿಕೊಳ್ಳದವರನ್ನು ಹೋಗುವಾಗಲಾದರೂ ಕೂರಿಸಿಕೊಂಡು ಹೋಗೋಣ ಎಂಬುದು ಅವನ ಮಾತು. ನನ್ನ ಗಿರಾಕಿಗಳು ಇವತ್ತಿನವರೆಗೆ ಒಂದು ದೂರೂ ಹೇಳಿಲ್ಲ ಎಂದು ತಾನೇ ತಮಾಷೆ ಮಾಡುತ್ತಿದ್ದ.

ಆವತ್ತು ಅವನು ಒಳಗೆ ಬಂದು ಕೂರಲಿಲ್ಲ.

"ದೂರು ಬಂದಿದೆ ತಂಗಿ," ಎಂದ.

ಬೀದಿಯ ತಿರುವಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಇಸ್ತ್ರಿಯಮ್ಮ ಆಸ್ಪತ್ರೆಯ ಬಾಗಿಲಲ್ಲಿ ಅವನ ಗಾಡಿಯ ಚಕ್ರಕ್ಕೆ ಉಗಿದಿದ್ದಳು. ಗಂಡ ತೀರಿಕೊಂಡಾಗ ಅವಳು ಗಾಡಿಯ ಮೈಮೇಲೆ ಬರೆದಿದ್ದ ವೆಬ್‌ಸೈಟ್ ವಿಳಾಸವನ್ನೇ ಫೋನಿನಲ್ಲಿ ಒತ್ತಿದ್ದಳು. ಬಂದದ್ದು ಬೇರೆ ಯಾರದೋ ಗಾಡಿ. ಮನೆಯ ಮುಂದೆ ಗಾಡಿ ನಿಲ್ಲಿಸಿ, ಬಾಡಿಗೆ ಕೊಡುವವರೆಗೆ ಹೆಣ ಇಳಿಸುವುದಿಲ್ಲ ಎಂದರಂತೆ. ಅನ್ನ ಕೊಡುತ್ತಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೊಟ್ಟು ಅವಳು ಗಂಡನನ್ನು ಇಳಿಸಿಕೊಂಡಳು.

"ನಾನೇ ಎಲ್ಲೋ ತಪ್ಪು ಬರೆಸಿರಬೇಕು. ಸ್ವಲ್ಪ ನೋಡಮ್ಮಾ," ಎಂದ ಗಾಡಿಯಣ್ಣ. ಅವನ ಜೇಬಿನಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ತನ್ನ ವಿಳಾಸ ತೆರೆದರೆ ಏನು ಕಾಣುತ್ತದೆಂದು ಅವನು ಎಂದೂ ನೋಡಿದವನಲ್ಲ.

ಅವಳು ನೋಡಬೇಕಾಗಿರಲಿಲ್ಲ. ಅವಳಿಗೆ ಅರ್ಥವಾಗಿತ್ತು. ನೋಡಿ ಹೇಳ್ತೀನಣ್ಣ ಎಂದು ಅವನನ್ನು ಕಳಿಸಿದಳು.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಕಂಪ್ಯೂಟರಿಗೂ ಫೋನಿಗೂ ಒಂದೇ ವಿಳಾಸ ಸಾಕಾಗುತ್ತದೆ. ಪುಟವೇ ಪರದೆಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಆದರೂ ಬಂದವರಿಗೆಲ್ಲ ಫೋನಿಗೆ ಬೇರೆಯದೇ ವಿಳಾಸ ಆರಿಸಿಕೊಳ್ಳಿ ಎನ್ನುತ್ತಿದ್ದರು. ಕಂಪ್ಯೂಟರಿನದನ್ನು ಗಿರಾಕಿಯ ಹೆಸರಿಗೆ, ಫೋನಿನದನ್ನು ಅಂಗಡಿಯ ಹೆಸರಿಗೆ ನೋಂದಾಯಿಸುತ್ತಿದ್ದರು. "ಮುಂಬಾಗಿಲು ಅವರಿಗಿರ್ಲಿ, ಹಿತ್ತಲ ಬಾಗಿಲ ಕೀಲಿ ನಮ್ಮಲ್ಲಿರ್ಲಿ," ಎನ್ನುತ್ತಿದ್ದ ಭಾವ. ಈಗ ಲೋಕವೆಲ್ಲ ಫೋನು ಹಿಡಿದು ಹಿತ್ತಲ ಬಾಗಿಲಿನಿಂದಲೇ ಬರುತ್ತಿತ್ತು. ಗಾಡಿಯಣ್ಣನಿಗೆ ಆ ಫೋನಿನ ವಿಳಾಸ ಆರಿಸಿಕೊಟ್ಟವಳು ಅವಳೇ. ಚಿಕ್ಕದಾಗಿದೆ, ಗಾಡಿಯ ಮೇಲೆ ಚೆನ್ನಾಗಿ ಕಾಣುತ್ತದೆ ಎಂದು ಹೇಳಿದವಳೂ ಅವಳೇ.

ಮಧ್ಯಾಹ್ನ ಭಾವನನ್ನು ಕೇಳಿದಳು. ಅವನು ಮುಚ್ಚಿಡಲಿಲ್ಲ. ಆ ವಿಳಾಸ ಒತ್ತಿದವರು ತನ್ನ ಪುಟಕ್ಕೆ ಬರುವಂತೆ ಮಾಡಿಕೊಡಿ ಎಂದು ಬಾಡಿಗೆ ಗಾಡಿಯ ಕಂಪನಿಯೊಂದು ಕೇಳಿತ್ತು, ಮಾಡಿಕೊಟ್ಟಿದ್ದ.

"ವರ್ಷಾವರ್ಷಾ ಆ ವಿಳಾಸಕ್ಕೆ ಕಟ್ಟಿದ್ದು ನಾನು. ಆತ ಒಂದು ಸಲವಾದ್ರೂ ಕೇಳಿದ್ನಾ? ಪುಣ್ಯ ಅವನಿಗೆ, ಖರ್ಚು ನಂಗೆ. ಅಂಗಡಿ ಮುಚ್ಚಿದ್ರೆ ನಿಮ್ಮಕ್ಕನ ಒಲೆ ಉರಿಸೋದು ಯಾವ ಧರ್ಮ?"

ಅದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟವಾಗಿತ್ತು. ಸಂಜೆ ಅಕ್ಕ ತಟ್ಟೆಗೆ ಬಡಿಸುತ್ತ, ಉಂಡ ಮನೆಯ ಜಂತೆ ಎಣಿಸಬೇಡ ಕಣೇ ಎಂದಷ್ಟೇ ಹೇಳಿದಳು. ಅವಳು ತಲೆ ತಗ್ಗಿಸಿ ಉಂಡಳು. ಮರುದಿನವೂ ಉಂಡಳು.

ಗಾಡಿ ಆಮೇಲೂ ಕೆಲವು ಕಾಲ ಓಡಾಡಿತು, ತನ್ನನ್ನು ಕೊಲ್ಲುವವರ ವಿಳಾಸವನ್ನು ತಾನೇ ಮೈಮೇಲೆ ಹೊತ್ತುಕೊಂಡು. ಪುಕ್ಕಟೆ ಎಂದು ಬರೆಸಿ ಸುಲಿಯುತ್ತಾನೆ ಎಂಬ ಮಾತು ಊರೆಲ್ಲ ಹಬ್ಬಿತು. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಕಡಿವಾಣ ಹಾಕುವವರಾರು? ಪೆಟ್ರೋಲು ಕೊಡುತ್ತಿದ್ದ ಪುಣ್ಯಾತ್ಮರು ಒಬ್ಬೊಬ್ಬರಾಗಿ ಕೈ ಹಿಂದೆಗೆದರು. ಒಂದು ದಿನ ಗಾಡಿ ಕಾಣಲಿಲ್ಲ.

ಇಸ್ತ್ರಿಯಮ್ಮನ ಮೇಜು ಮಾತ್ರ ಬೀದಿಯ ತಿರುವಿನಲ್ಲಿ ಹಾಗೆಯೇ ಇತ್ತು. ಮೇಲೆ ಹಾಸಿದ ಕಂಬಳಿಯಲ್ಲಿ ಪೆಟ್ಟಿಗೆ ಇಡುತ್ತಿದ್ದ ಜಾಗ ಸುಟ್ಟು ಕಂದಾಗಿತ್ತು. ಆ ಗುರುತಿನ ಮೇಲೆ ಬೆಕ್ಕೊಂದು ಮಲಗಿತ್ತು. ಅದನ್ನು ನೋಡಿದ ದಿನ ಅವಳು ಅಂಗಡಿಗೆ ಹೋಗಿ, ತನ್ನ ಕೈಯಲ್ಲೇ ಇದ್ದ ಗುಪ್ತಪದ ಒತ್ತಿ, ಫೋನಿನ ವಿಳಾಸವನ್ನು ಕಂಪನಿಯ ಪುಟದಿಂದ ಬಿಡಿಸಿದಳು. ಅಂಗಡಿಯ ಕೀಲಿಯನ್ನು ಭಾವನ ಮೇಜಿನ ಮೇಲಿಟ್ಟಳು. ಭಾವ ಕೀಲಿ ನೋಡಿದ, ಅವಳ ಮುಖ ನೋಡಿದ, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಅಕ್ಕನ ಮನೆಯಲ್ಲಿ ಇನ್ನು ಜಾಗವಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅವಳು ಹೋದಾಗ ಗಾಡಿಯಣ್ಣ, ಗಾಡಿ ನಿಲ್ಲಿಸುತ್ತಿದ್ದ ಖಾಲಿ ಷೆಡ್ಡಿನ ನೆಲಕ್ಕೆ ಅಂಟಿದ್ದ ಎಣ್ಣೆಜಿಡ್ಡನ್ನು ಕೆರೆಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು, ತನ್ನ ಪಾಲನ್ನೂ ಬಿಡದೆ. ಅವನು ಕೆರೆಯುತ್ತಿದ್ದ ತಗಡನ್ನು ಕೆಳಗಿಟ್ಟ.

"ಗಾಡಿ ಗುಜರಿಗೆ ಹೋಯ್ತು ತಂಗಿ. ಈಗ ವಿಳಾಸ ಇಟ್ಕೊಂಡು ಏನ್ ಮಾಡ್ಲಿ?"

"ನಿಮ್ಮ ಹೆಸರು ಹೇಳ್ಕೊಂಡು ಇನ್ನೊಬ್ಬರು ಬರಬಾರದಲ್ಲಣ್ಣ."

"ಈಗ ಯಾರಾದ್ರೂ ಒತ್ತಿದ್ರೆ ಏನು ಕಾಣುತ್ತೆ?"

"ಬರೀ ಬಿಳಿ."

ಮನೆಯಲ್ಲಿ ಹೆಣ ಇಟ್ಟುಕೊಂಡವರಿಗೆ ಬಿಳಿ ಹಾಳೆ ತೋರಿಸಬಾರದು ಎಂದ. ಆಮೇಲೆ ಅವನು ಹೇಳುತ್ತ ಹೋದ, ಅವಳು ತನ್ನ ಫೋನಿನಲ್ಲೇ ಆ ಪುಟದ ಮೇಲೆ ಬರೆದಳು: 'ಗಾಡಿ ನಿಂತುಹೋಗಿದೆ. ಕ್ಷಮಿಸಿ. ಈ ಹೆಸರಿನಲ್ಲಿ ದುಡ್ಡು ಕೇಳುವವರು ನಾವಲ್ಲ.'

ಇನ್ನೊಂದೇ ಉಳಿದಿತ್ತು. ವಿಳಾಸ ಅವನ ಹೆಸರಿಗೆ ಹೋಗಬೇಕಾದರೆ ಅವನ ಫೋನಿಗೆ ಬರುವ ಅಂಕಿಗಳನ್ನು ಹೇಳಬೇಕು. ಹಳೆಯ ಫೋನು ಒಮ್ಮೆ ಗುನುಗಿತು. ಅವನು ಕೈ ಒರೆಸಿಕೊಂಡು, ಪರದೆಯನ್ನು ಬೆಳಕಿಗೆ ಹಿಡಿದು, ಶವಾಗಾರದಲ್ಲಿ ಚೀಟಿಯ ಹೆಸರು ಓದುವಾಗಿನಂತೆ, ಒಬ್ಬರ ಬದಲು ಇನ್ನೊಬ್ಬರು ಹೋಗಬಾರದೆಂಬ ಎಚ್ಚರದಿಂದ, ಒಂದೊಂದೇ ಅಂಕಿ ಓದಿದ. ಅವಳು ಒತ್ತಿದಳು.

"ಬಂತಣ್ಣ," ಎಂದಳು. "ನಿಮ್ಮದು ನಿಮಗೆ ಬಂತು."