ಕೇಬಲ್ ಕಿತ್ತ ಮೇಲೆ

ಅಣ್ಣನಿಗೆ ಊರೆಲ್ಲ ಹೊಗಳುವ ಬಲಗಾಲೊಂದಿತ್ತು. ತಂಗಿಗೂ ಕಾಲುಗಳಿದ್ದವು, ಆದರೆ ಅವುಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಗುಡ್ಡ ಹತ್ತುವ ರೇಸುಗಳಿಗೆಂದೇ ಇವರು ಸಾಕಿಕೊಂಡಿದ್ದ ಗಿಡ್ಡ ಕೆಂಪು ಸ್ಪೋರ್ಟ್ಸ್ ಕಾರಿಗೆ ಇದ್ದದ್ದು ಒಂದೇ ಸೀಟು. ಅದರಲ್ಲಿ ಅವನು ಕೂರುತ್ತಿದ್ದ, ಇವಳು ಬಾನೆಟ್ಟಿನ ಕೆಳಗೆ ತಲೆ ತೂರಿಸುತ್ತಿದ್ದಳು. ರಿಪೇರಿಯಾದ ಮೇಲೆ ಬೆಳಗಿನ ಹೊತ್ತು ಕಾರನ್ನು ಗುಡ್ಡ ಹತ್ತಿಸಿ ನೋಡುತ್ತಿದ್ದವಳೂ ಇವಳೇ. ಅಣ್ಣನಿಗಿಂತ ಚೆನ್ನಾಗಿಯೇ ಓಡಿಸುತ್ತಿದ್ದಳು. ಅದನ್ನು ಅಣ್ಣನ ಮುಂದೆ ಹೇಳುವ ಗಂಡು ಮಾತ್ರ ಅವರ ಗರಾಜಿನಲ್ಲಿ ಹುಟ್ಟಿರಲಿಲ್ಲ.

"ಯಾವತ್ತು ಈ ಕಾಲು ನಡುಗುತ್ತೋ, ಅವತ್ತಿಂದ ಸೀಟು ನಿಂದು ಮರೀ," ಎಂದು ಅವನು ಒಮ್ಮೆ ಎಲ್ಲರೆದುರು ಮಾತು ಕೊಟ್ಟಿದ್ದ. ಕಲ್ಲು ಕುಟ್ಟಿ ಪುಡಿ ಮಾಡುವ ವಯಸ್ಸಿನಲ್ಲಿ ಕೊಟ್ಟ ಮಾತು, ಕೊಡುವುದಕ್ಕೆ ಕಷ್ಟವೇನು? ಅವಳು ಮಾತ್ರ ಅದನ್ನು ಗಟ್ಟಿಯಾಗಿ ಗಂಟು ಹಾಕಿ ಇಟ್ಟುಕೊಂಡಿದ್ದಳು.

ರೇಸಿಗೆ ಮುಂಚೆ ಇಬ್ಬರದೂ ಒಂದು ರೂಢಿ. ಎಂಜಿನ್ ಆರಿಸಿ, ಅವನು ಬೂಟು ಬಿಚ್ಚಿ ಬರಿಗಾಲಲ್ಲಿ ಆಕ್ಸಿಲರೇಟರ್ ಒತ್ತುವನು. ಪೆಡಲಿನಿಂದ ಹೊರಟ ಉಕ್ಕಿನ ಕೇಬಲ್, ಎಂಜಿನ್ನಿಗೆ ಗಾಳಿ ಬಿಡುವ ಪುಟ್ಟ ತಟ್ಟೆಯನ್ನು ತಿರುಗಿಸುತ್ತದೆ. ಆ ತಟ್ಟೆಗೆ ಬೆರಳಿಟ್ಟುಕೊಂಡು ಅವಳು, "ಕಾಲು ಭಾಗ... ಅರ್ಧ... ಅಲ್ಲೇ ಹಿಡಿ," ಎನ್ನುವಳು. ಅವನ ಕಾಲಿನ ಮನಸ್ಸು ಅವಳ ಬೆರಳಿಗೆ ಗೊತ್ತಾಗುತ್ತಿತ್ತು.

ಕೇಬಲ್ ಬಿಟ್ಟು ಎಲೆಕ್ಟ್ರಾನಿಕ್ ಪೆಡಲಿಗೆ ಹೋದವರನ್ನು ಕಂಡರೆ ಅಣ್ಣನಿಗೆ ಮೈಯೆಲ್ಲ ಉರಿ. ಅಲ್ಲಿ ಪೆಡಲು ಬರೀ ಅರ್ಜಿ ಹಾಕುತ್ತದೆ. ಕಂಪ್ಯೂಟರು ಅದನ್ನು ಓದಿ, ಮನಸ್ಸು ಬಂದರೆ, ಮೋಟಾರಿನ ಕೈಲಿ ತಟ್ಟೆ ತೆರೆಸುತ್ತದೆ. "ಹೆಂಡ್ತಿಗೆ ಗುಮಾಸ್ತನ ಕೈಲಿ ಮುತ್ತು ಕೊಡಿಸಿದ ಹಾಗೆ," ಎಂದು ಗಹಗಹಿಸುತ್ತಿದ್ದ.

ಹೀಗಿರುವಾಗ ಕಾರು ತಿರುವುಗಳಲ್ಲಿ ಹಿಡಿದು ಬಿಟ್ಟಂತೆ ಜಗ್ಗತೊಡಗಿತು. "ಕೇಬಲ್‌ಗೆ ತುಕ್ಕು ಹಿಡಿದಿದೆ," ಎಂದ ಅಣ್ಣ. ಬದಲಾಯಿಸಿದಳು. "ಹೊಸದು ಬಿಗಿ," ಎಂದ. ಸಡಿಲಿಸಿದಳು. "ಸ್ಪ್ರಿಂಗ್ ಸರಿಯಿಲ್ಲ," ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಗರಾಜಿನ ವೆಲ್ಡರನ ನಾಲಿಗೆಯ ತುದಿಗೆ ಬಂದು, ಅಲ್ಲೇ ಉಳಿಯಿತು. ಕಡೆಗೆ ಅವಳು ಬೂಟು ಬಿಚ್ಚಿಸಿ ತಟ್ಟೆಗೆ ಬೆರಳಿಟ್ಟಳು.

"ಅರ್ಧಕ್ಕೆ ಹಿಡಿ."

ಬೆರಳ ಕೆಳಗೆ ತಟ್ಟೆ ನಿಲ್ಲಲಿಲ್ಲ. ಸಣ್ಣಗೆ, ಒಂದೇ ಸಮನೆ ನಡುಗುತ್ತಿತ್ತು.

ಅಲ್ಲೇ ಕೂಗಿ ಹೇಳಬಹುದಿತ್ತು. ತುತ್ತು ಬಾಯಿ ತನಕ ಬಂದಿತ್ತು. ಬಾನೆಟ್ಟಿನ ಪಕ್ಕದಿಂದ ಇಣುಕಿ ನೋಡಿದರೆ ಅಣ್ಣನ ಮುಖ, ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂದು ಕಾಯುವ ಹುಡುಗನ ಮುಖ. ಅವಳು ತಟ್ಟೆಯಿಂದ ಬೆರಳು ತೆಗೆದಳು.

"ಕೇಬಲ್ಲೇ ಹಳೇ ಕಾಲದ್ದಾಯ್ತಣ್ಣ. ಕಿತ್ತು ಹಾಕಿ ಎಲೆಕ್ಟ್ರಾನಿಕ್ ಹಾಕೋಣ," ಎಂದಳು.

ಅವನು ಕೂಗಾಡಬಹುದೆಂದು ಕಾದಳು. "ನಿಂಗೆ ಸರಿ ಅನ್ಸಿದ್ರೆ ಮಾಡು," ಎಂದು ಅವನು ಬೂಟು ಹಾಕಿಕೊಂಡ. ಗುಮಾಸ್ತನ ಸುದ್ದಿಯನ್ನೇ ಎತ್ತಲಿಲ್ಲ. ಅವಳಿಗೆ ಆಗಲೇ ಹೊಳೆಯಬೇಕಿತ್ತು. ಆದರೆ ಕರುಣೆ ಕಣ್ಣಿಗೆ ಬಟ್ಟೆ ಕಟ್ಟುತ್ತದೆ, ಕೋಪಕ್ಕಿಂತ ಬಿಗಿಯಾಗಿ ಕಟ್ಟುತ್ತದೆ.

ಪೆಡಲಿನ ಸಣ್ಣಪುಟ್ಟ ಅಲುಗಾಟ ಕಂಪ್ಯೂಟರಿನ ಕಿವಿಗೆ ಬೀಳದಂತೆ ಅವಳೇ ಕೂತು ಹೊಂದಿಸಿದಳು. ಯಾರಿಗೂ ಹೇಳಲಿಲ್ಲ. ಮುಂದಿನ ರೇಸನ್ನು ಅಣ್ಣ ಗೆದ್ದ, ಅದರಾಚೆಯದನ್ನೂ ಗೆದ್ದ. "ಈ ವಯಸ್ಸಲ್ಲೂ ಎಂಥಾ ನಯವಾದ ಕಾಲು!" ಎಂದು ಜನ ಬಾಯಿ ಚಪ್ಪರಿಸಿದರು. "ಕಾಲು ಗಟ್ಟಿ ಇದ್ರೆ ಕೇಬಲ್ ಆದ್ರೇನು, ಕರೆಂಟ್ ಆದ್ರೇನು?" ಎಂದು ಅವನು ಕಪ್ಪು ಎತ್ತಿ ಹಿಡಿದ. ಅವಳು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದಳು.

ಬೆಳಗಿನ ಹೊತ್ತು ಗುಡ್ಡ ಹತ್ತಿಸುವ ಅವಳ ಸವಾರಿಯೂ ಕೈತಪ್ಪಿತು. ಅವನ ನಡುಕ ನುಂಗಲು ಕಲಿತ ಪೆಡಲು ಅವಳ ನಯವಾದ ಒತ್ತನ್ನೂ ನುಂಗುತ್ತಿತ್ತು. ಒತ್ತಿದರೆ ಕಾರು ಯೋಚಿಸಿ ಹೊರಡುತ್ತಿತ್ತು. ತನ್ನದೆಂದು ಇದ್ದ ಆ ಒಂದು ಗುಡ್ಡದಷ್ಟು ರಸ್ತೆಯನ್ನೂ ತಾನೇ ಕಿತ್ತುಕೊಟ್ಟಂತಾಯಿತು. ಇರಲಿ, ಅಣ್ಣನಿಗೆ ಗೊತ್ತಿಲ್ಲವಲ್ಲ, ಅವನ ಮಾನ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡಳು.

ದೊಡ್ಡ ರೇಸಿನ ಹಿಂದಿನ ದಿನ ಅಣ್ಣ ವೆಲ್ಡರನನ್ನು ಟೀ ತರಲು ಅಟ್ಟಿ, ಗರಾಜಿನ ಬಾಗಿಲು ಎಳೆದುಕೊಂಡ. ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚಿದ. ಬಲಗಾಲಿನ ಹಿಮ್ಮಡಿ ಸಿಮೆಂಟಿನ ಮೇಲೆ ಟಕಟಕ ಬಡಿಯುತ್ತಿತ್ತು. ಅದನ್ನು ಮುಚ್ಚುವ ಪ್ರಯತ್ನವನ್ನೂ ಅವನು ಮಾಡಲಿಲ್ಲ. ಹೇಳಲು ಬಂದಿದ್ದಾನೆ, ಕಡೆಗೂ ಹೇಳಲು ಬಂದಿದ್ದಾನೆ.

"ಮರೀ, ಮೇಲಿನ ತಿರುವಲ್ಲಿ ಇನ್ನೂ ಸ್ವಲ್ಪ ಜಗ್ತಿದೆ. ಅದನ್ನ ಇನ್ನೊಂಚೂರು ಜಾಸ್ತಿ ಮಾಡು."

"ಯಾವುದನ್ನ?"

"ನೀನು ಹಾಕಿದೀಯಲ್ಲ, ಅದನ್ನ."

"ಯಾವಾಗ ಗೊತ್ತಾಯ್ತು?"

"ನನ್ನ ಕಾಲು, ನಂಗೆ ಗೊತ್ತಿರಲ್ವಾ? ನೀನು ಮೊದಲ್ನೇ ಕೇಬಲ್ ಬದಲಾಯಿಸೋಕ್ ಮುಂಚೇನೇ ಗೊತ್ತಿತ್ತು."

ಹಾಗಾದರೆ ಆ ತುಕ್ಕು, ಆ ಬಿಗಿ, ಆ ಸ್ಪ್ರಿಂಗು! ಸುಮ್ಮನೆ ಅವಳ ಕೈಲಿ ಬಿಚ್ಚಿಸಿದ್ದ, ಕಟ್ಟಿಸಿದ್ದ.

"ಮಾತು ಕೊಟ್ಟಿದ್ಯಲ್ಲಣ್ಣ," ಎಂದಳು.

"ಕೊಟ್ಟಿದ್ದೆ. ಇಲ್ಲ ಅಂದ್ನಾ?" ಅವನು ಕಾಲನ್ನು ಬೂಟಿಗೆ ತುರುಕಿದ. "ಆದ್ರೆ ಈಗ ನಡುಗ್ತಿಲ್ವಲ್ಲ. ಬೇಕಾದ್ರೆ ಕಾರನ್ನೇ ಕೇಳು."

ಯಾರಿಗೆ ಹೇಳುವುದು? ಮುಚ್ಚಿಟ್ಟವಳು ತಾನೇ. ಹೇಳಿದರೆ ಸೀಟಿನ ಆಸೆಗೆ ಅಣ್ಣನ ಕಾಲೆಳೆದಳು ಎನ್ನುತ್ತಾರೆ. ಅವಳು ಕಂಪ್ಯೂಟರು ತೆರೆದಳು. ಅವನು ಕಾರಿನೊಳಗೆ ಇಳಿದು ಕೂತು, ಹಳೇ ರೂಢಿಯಂತೆ ಕೂಗಿದ.

"ಬೂಟು ಬಿಚ್ಲಾ? ಒತ್ತಿ ತೋರಿಸ್ಲಾ?"

"ಬೇಡ ಬಿಡು," ಎಂದಳು ತಂಗಿ. "ಅದಕ್ಕೀಗ ನಿನ್ನ ಕಾಲೇನೂ ಬೇಕಾಗಿಲ್ಲ."

ಅಣ್ಣ ತಮಾಷೆಯೆಂದುಕೊಂಡು ಜೋರಾಗಿ ನಕ್ಕ. ಅವಳು ಇನ್ನೊಂಚೂರು ಜಾಸ್ತಿ ಮಾಡಿದಳು.